ಪಠ್ಯದಿಂದ ಸಂಖ್ಯೆಗಳ ಪಟ್ಟಿಗೆ, ಪಟ್ಟಿಯಿಂದ ಮತ್ತೆ ಪಠ್ಯಕ್ಕೆ: ಮಲೆನಾಡಿನ ಮಳೆ ಲೆಕ್ಕದ ಮೂಲಕ ಪೈಥಾನ್

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹಲವು ತೋಟದ ಮನೆಗಳಲ್ಲಿ ಮಳೆಮಾಪಕದ ಅಳತೆಯನ್ನು ಪ್ರತಿದಿನ ಬೆಳಿಗ್ಗೆ ಬರೆದಿಡುವ ರೂಢಿಯಿದೆ. ಆ ಹಳೆಯ ನೋಟ್‌ಬುಕ್ಕುಗಳನ್ನು ಮನೆಯ ಮಕ್ಕಳು ಕಂಪ್ಯೂಟರಿಗೆ ಏರಿಸಲು ಕುಳಿತಾಗ ಎದುರಾಗುವ ಮೊದಲ ತೊಡಕೇ ಈ ಬರಹದ ವಿಷಯ. ನಾವು «42, 67.5» ಎಂದು ಟೈಪಿಸಿದ್ದು ನಮ್ಮ ಕಣ್ಣಿಗೆ ಎರಡು ದಿನಗಳ ಮಳೆ, ಕಂಪ್ಯೂಟರಿಗೆ ಅದು ಸಾಲಾಗಿ ನಿಂತ ಕೆಲವು ಅಕ್ಷರಗಳು ಮಾತ್ರ. ಆ ಎರಡು ತುಣುಕುಗಳನ್ನು ಹಾಗೆಯೇ ಕೂಡಿಸಿದರೆ 109.5 ಬರುವುದಿಲ್ಲ, ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡು 4267.5 ಎಂಬ ಪಠ್ಯ ಬರುತ್ತದೆ. ಆದ್ದರಿಂದ ಲೆಕ್ಕಕ್ಕೆ ಮೊದಲು ಪಠ್ಯವನ್ನು ಸಂಖ್ಯೆಗಳ ಪಟ್ಟಿಯಾಗಿ ಮಾಡಿಕೊಳ್ಳಬೇಕು, ಲೆಕ್ಕ ಮುಗಿದ ಮೇಲೆ ಪಟ್ಟಿಯನ್ನು ಮತ್ತೆ ಪಠ್ಯವಾಗಿಸಬೇಕು.

ಕೆಲಸ ಶುರುಮಾಡುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಗೊತ್ತಿರಬೇಕು: ನಮಗೆ ಬೇಕಾದ ಸಂಖ್ಯೆ ಯಾವುದು? ಪಠ್ಯದಲ್ಲಿ ಅಂಕಿಗಳಾಗಿ ಬರೆದಿರುವ ಮೌಲ್ಯವೇ, ಪ್ರತಿಯೊಂದು ಅಕ್ಷರಕ್ಕೂ ಯೂನಿಕೋಡ್ ಎಂಬ ಜಾಗತಿಕ ಪದ್ಧತಿ ಕೊಟ್ಟಿರುವ ಸಂಖ್ಯೆಯೇ, ಅಥವಾ ಆ ಅಕ್ಷರವು ಕಡತದಲ್ಲಿ ಉಳಿಯುವ ಬೈಟ್‌ಗಳೇ? ಈ ಮೂರೂ ಬೇರೆಬೇರೆ ಪರಿವರ್ತನೆಗಳು, ಮೂರಕ್ಕೂ ಬೇರೆಬೇರೆ ಆಜ್ಞೆಗಳಿವೆ. ವಿದ್ಯಾರ್ಥಿಗಳ ಪ್ರೋಗ್ರಾಂಗಳಲ್ಲಿ ನಾನು ಕಾಣುವ ಗೊಂದಲದ ಬಹುಪಾಲು ಈ ಮೂರನ್ನು ಒಂದೆಂದು ತಿಳಿಯುವುದರಿಂದಲೇ ಹುಟ್ಟುತ್ತದೆ. «4» ಎಂಬ ಅಕ್ಷರದ ಮೌಲ್ಯ ನಾಲ್ಕು. ಅದರ ಯೂನಿಕೋಡ್ ಸಂಖ್ಯೆ 52. ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಿದರೆ ಪ್ರೋಗ್ರಾಂ ಯಾವ ದೋಷವನ್ನೂ ಹೇಳದೆ ತಪ್ಪು ಉತ್ತರ ಕೊಡುತ್ತದೆ.

ಉದಾಹರಣೆಗಳಿಗೆ ಪೈಥಾನ್ 3 ಭಾಷೆಯನ್ನು ಆರಿಸಿಕೊಂಡಿದ್ದೇನೆ. ಆಜ್ಞೆಗಳ ಹೆಸರುಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡ ಲಿಪಿಯಲ್ಲಿ ಬರೆದಿದೆ. ಪ್ರೋಗ್ರಾಂನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪಿಸಬೇಕು. ಚರಗಳ, ಅಂದರೆ ಮೌಲ್ಯಗಳನ್ನು ಇಟ್ಟುಕೊಳ್ಳಲು ನಾವೇ ಹೆಸರಿಡುವ ಜಾಗಗಳ, ಹೆಸರುಗಳು ಮಾತ್ರ ಕನ್ನಡದಲ್ಲೇ ಇರಬಹುದು: ಪೈಥಾನ್ 3 ಅದಕ್ಕೆ ಅವಕಾಶ ಕೊಟ್ಟಿದೆ, ಮತ್ತು «ಮಳೆ», «ಸಾಲು» ಎಂಬ ಹೆಸರುಗಳಿದ್ದರೆ ಮನೆಯ ಹಿರಿಯರೂ ಪ್ರೋಗ್ರಾಂನ ಆಶಯವನ್ನು ಓದಿಕೊಳ್ಳಬಲ್ಲರು.

ಬರೆದ ಅಂಕಿಗಳನ್ನು ಸಂಖ್ಯೆಗಳಾಗಿಸುವುದು

ಮಲೆನಾಡಿನಲ್ಲಿ ಮಳೆಯನ್ನು ನಕ್ಷತ್ರದ ಹೆಸರಿನಿಂದ ಗುರುತಿಸುವುದರಿಂದ, ನೋಟ್‌ಬುಕ್ಕಿನ ಒಂದು ಸಾಲು ಹೀಗಿದೆ ಎಂದು ಭಾವಿಸೋಣ. ಅಂಕಿಗಳು ಮಾದರಿಗಾಗಿ ಮಾತ್ರ, ಅಳತೆ ಮಿಲಿಮೀಟರುಗಳಲ್ಲಿದೆ.

ಸಾಲು = "ಆರಿದ್ರಾ: 42, 67.5, , 118, 0, 93.5"

ಇಲ್ಲಿ ಹೆಸರು ಮತ್ತು ಅಳತೆಗಳ ನಡುವೆ ವಿವರಣ ಚಿಹ್ನೆಯಿದೆ, ಅಳತೆಗಳ ನಡುವೆ ಅಲ್ಪವಿರಾಮವಿದೆ. ಮೊದಲು ಹೆಸರನ್ನು ಬೇರೆ ಮಾಡಿ, ಆಮೇಲೆ ಉಳಿದದ್ದನ್ನು ಒಡೆಯಬೇಕು.

ಹೆಸರು, ಚಿಹ್ನೆ, ಉಳಿದದ್ದು = ಸಾಲು.ಪಾರ್ಟಿಶನ್(":")
ತುಣುಕುಗಳು = ಉಳಿದದ್ದು.ಸ್ಪ್ಲಿಟ್(",")

ಈಗ ನಮ್ಮ ಕೈಯಲ್ಲಿರುವುದು ಆರು ತುಣುಕುಗಳ ಪಟ್ಟಿ, ಆದರೆ ಪ್ರತಿಯೊಂದೂ ಇನ್ನೂ ಪಠ್ಯವೇ. ಪೂರ್ಣಾಂಕ ಬೇಕಿದ್ದರೆ ಇಂಟ್, ದಶಮಾಂಶ ಬೇಕಿದ್ದರೆ ಫ್ಲೋಟ್ ಎಂಬ ಆಜ್ಞೆಯನ್ನು ಒಂದೊಂದು ತುಣುಕಿಗೂ ಅನ್ವಯಿಸಬೇಕು. ತುಣುಕಿನ ಹಿಂದೆ ಮುಂದೆ ಖಾಲಿ ಜಾಗವಿದ್ದರೆ ಎರಡೂ ಆಜ್ಞೆಗಳು ಅದನ್ನು ತಾವೇ ಕಳೆದುಕೊಳ್ಳುತ್ತವೆ. ಆದರೆ ಮೂರನೆಯ ತುಣುಕಿನಲ್ಲಿ ಖಾಲಿ ಜಾಗದ ಹೊರತು ಏನೂ ಇಲ್ಲದ್ದರಿಂದ ಫ್ಲೋಟ್ ಅಲ್ಲಿ ವ್ಯಾಲ್ಯೂಎರರ್ ಎಂಬ ದೋಷವನ್ನು ಎತ್ತಿ ನಿಂತುಬಿಡುತ್ತದೆ. ಹಾಗೆ ನಿಲ್ಲುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಜಾವಾಸ್ಕ್ರಿಪ್ಟ್ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ಖಾಲಿ ಪಠ್ಯವನ್ನು ನಂಬರ್ ಎಂಬ ಆಜ್ಞೆಗೆ ಕೊಟ್ಟರೆ ಅದು ಸದ್ದಿಲ್ಲದೆ ಸೊನ್ನೆಯನ್ನು ಹಿಂತಿರುಗಿಸುತ್ತದೆ. ಮಳೆಯ ಲೆಕ್ಕದಲ್ಲಿ ಇದಕ್ಕಿಂತ ಅಪಾಯದ ಸೌಕರ್ಯ ಇನ್ನೊಂದಿಲ್ಲ.

ಏಕೆಂದರೆ ಸೊನ್ನೆ ಎಂದರೆ ಯಾರೋ ಮಾಪಕವನ್ನು ನೋಡಿ, ಅದರಲ್ಲಿ ನೀರಿಲ್ಲವೆಂದು ಖಾತ್ರಿ ಮಾಡಿಕೊಂಡು ಬರೆದ ಅಳತೆ. ಖಾಲಿ ಜಾಗವೆಂದರೆ ಆ ದಿನ ಯಾರೂ ನೋಡಿಲ್ಲ ಎಂದರ್ಥ. ಆಗುಂಬೆಯ ಸುತ್ತಮುತ್ತ ಮಳೆ ವಿಪರೀತವಾಗಿ ಹೊರಗೆ ಕಾಲಿಡಲಾಗದ ದಿನವೇ ಆ ಜಾಗ ಖಾಲಿ ಉಳಿದಿರುವ ಸಾಧ್ಯತೆಯೂ ಇದೆ. ಆದ್ದರಿಂದ ಖಾಲಿ ತುಣುಕಿಗೆ ಪೈಥಾನ್‌ನ ನನ್ ಎಂಬ ವಿಶೇಷ ಮೌಲ್ಯವನ್ನು ಇಟ್ಟುಕೊಳ್ಳಬೇಕು. (ಎನ್, ಒ, ಎನ್, ಇ ಎಂಬ ನಾಲ್ಕಕ್ಷರಗಳ ಇದರ ಮೊದಲಕ್ಷರ ಮಾತ್ರ ದೊಡ್ಡಕ್ಷರ.) ಅದಕ್ಕೊಂದು ಪುಟ್ಟ ಫಂಕ್ಷನ್ ಬರೆದುಕೊಳ್ಳೋಣ.

ಡೆಫ್ ಅಳತೆ(ತುಣುಕು):
    ತುಣುಕು = ತುಣುಕು.ಸ್ಟ್ರಿಪ್()
    ಇಫ್ ತುಣುಕು == "":
        ರಿಟರ್ನ್ ನನ್
    ರಿಟರ್ನ್ ಫ್ಲೋಟ್(ತುಣುಕು)

ಮಳೆ = [ಅಳತೆ(ತುಣುಕು) ಫಾರ್ ತುಣುಕು ಇನ್ ತುಣುಕುಗಳು]

ಸಿಗುವ ಪಟ್ಟಿ ಹೀಗಿರುತ್ತದೆ: [42.0, 67.5, ನನ್, 118.0, 0.0, 93.5]. ಇನ್ನು ಸರಾಸರಿ ತೆಗೆಯುವಾಗ ನನ್ ಇರುವ ದಿನವನ್ನು ಬಿಡಬೇಕು, ಸೊನ್ನೆ ಇರುವ ದಿನವನ್ನು ಬಿಡಬಾರದು. ಇಲ್ಲೊಂದು ಸೂಕ್ಷ್ಮವಿದೆ. ಬಹಳ ಜನ «ಇಫ್ ಮೌಲ್ಯ» ಎಂದಷ್ಟೇ ಬರೆದು ಪಟ್ಟಿಯನ್ನು ಸೋಸುತ್ತಾರೆ; ಆದರೆ ಪೈಥಾನ್ ನನ್ ಅನ್ನು ಅಸತ್ಯವೆಂದು ಎಣಿಸುವಂತೆ 0.0 ಅನ್ನೂ ಅಸತ್ಯವೆಂದೇ ಎಣಿಸುವುದರಿಂದ ಒಣದಿನವೂ ಪಟ್ಟಿಯಿಂದ ಹೊರಗೆ ಹೋಗುತ್ತದೆ. «ಇಫ್ ಮೌಲ್ಯ ಇಸ್ ನಾಟ್ ನನ್» ಎಂದೇ ಪೂರ್ತಿಯಾಗಿ ಬರೆಯಬೇಕು. ಒಟ್ಟು ಮಳೆ ಎಲ್ಲ ಬಗೆಯಲ್ಲೂ 321 ಮಿಲಿಮೀಟರೇ. ಸರಿಯಾದ ಸರಾಸರಿ, ಅಂದರೆ ದಾಖಲಾದ ಐದು ದಿನಗಳದ್ದು, 64.2. ಖಾಲಿಯನ್ನು ಸೊನ್ನೆ ಮಾಡಿದವರಿಗೆ 53.5 ಬರುತ್ತದೆ, ಒಣದಿನವನ್ನು ಸೋಸಿಬಿಟ್ಟವರಿಗೆ 80.25 ಬರುತ್ತದೆ. ಮೂರೂ ನಂಬುವಂತೆಯೇ ಕಾಣುವ ಸಂಖ್ಯೆಗಳು ಎಂಬುದೇ ಇಲ್ಲಿನ ಕಷ್ಟ.

ಸಾಲು ಪೂರ್ತಿ ಖಾಲಿಯಿದ್ದಾಗ ಸ್ಪ್ಲಿಟ್ ಎರಡು ರೀತಿ ವರ್ತಿಸುತ್ತದೆ. ಅಲ್ಪವಿರಾಮವನ್ನು ಕೊಟ್ಟು ಕರೆದರೆ ಒಂದು ಖಾಲಿ ತುಣುಕಿರುವ ಪಟ್ಟಿ ಬರುತ್ತದೆ. ಏನನ್ನೂ ಕೊಡದೆ ಕರೆದರೆ ಏನೂ ಇಲ್ಲದ ಪಟ್ಟಿ ಬರುತ್ತದೆ. ಏನನ್ನೂ ಕೊಡದೆ ಕರೆಯುವ ರೀತಿಯು ಎಷ್ಟೇ ಖಾಲಿ ಜಾಗಗಳು ಒಟ್ಟಿಗೆ ಬಂದರೂ ಅವನ್ನು ಒಂದೇ ಎಂದು ತಿಳಿಯುವುದರಿಂದ, ಖಾಲಿ ಜಾಗದಿಂದಲೇ ಬೇರ್ಪಡಿಸಿದ ಸಾಲಿನಲ್ಲಿ ಬಿಟ್ಟುಹೋದ ದಿನದ ಗುರುತೇ ಉಳಿಯದು. ಆ ಕಾರಣಕ್ಕೆ ಟೈಪಿಸುವಾಗಲೇ ಅಲ್ಪವಿರಾಮವನ್ನು ಬಳಸುವುದು ಒಳ್ಳೆಯದು.

ಹಳೆಯ ನೋಟ್‌ಬುಕ್ಕಿನಲ್ಲಿ ಕನ್ನಡ ಅಂಕಿಗಳಿದ್ದು, ಅವನ್ನು ಹಾಗೆಯೇ ಟೈಪಿಸಿದ್ದರೆ ಅಂಜಬೇಕಾಗಿಲ್ಲ. ಪೈಥಾನ್‌ನ ಇಂಟ್ ಆಜ್ಞೆಯು «೬೭» ಎಂಬುದನ್ನು 67 ಎಂದೇ, ಫ್ಲೋಟ್ ಆಜ್ಞೆಯು «೬೭.೫» ಎಂಬುದನ್ನು 67.5 ಎಂದೇ ಓದುತ್ತದೆ. ಜಾವಾಸ್ಕ್ರಿಪ್ಟ್ ಓದುವುದಿಲ್ಲ, ಅಲ್ಲಿ ಮೊದಲು ಒಂದೊಂದು ಅಂಕಿಯನ್ನೂ ಬದಲಿಸಿಕೊಳ್ಳಬೇಕು. ಅಲ್ಲಿ ಇನ್ನೊಂದು ಪ್ರಸಿದ್ಧ ತೊಡಕೂ ಇದೆ: ಪಟ್ಟಿಯ ಮ್ಯಾಪ್ ವಿಧಾನಕ್ಕೆ ಪಾರ್ಸ್‌ಇಂಟ್ ಆಜ್ಞೆಯನ್ನು ನೇರವಾಗಿ ಕೊಟ್ಟರೆ, ತುಣುಕಿನ ಕ್ರಮಸಂಖ್ಯೆಯೂ ಅದರ ಜೊತೆ ಹೋಗಿ ಸಂಖ್ಯಾಪದ್ಧತಿಯ ಆಧಾರವೆಂದು ಎಣಿಸಲ್ಪಡುತ್ತದೆ. «10» ಎಂಬ ಮೂರು ತುಣುಕುಗಳಿಂದ ಹತ್ತು, «ಸಂಖ್ಯೆಯಲ್ಲ» ಎಂಬ ಗುರುತು, ಎರಡು ಎಂಬ ಉತ್ತರ ಬರುವುದು ಈ ಕಾರಣದಿಂದ. ಜಾವಾಸ್ಕ್ರಿಪ್ಟ್ ಬಳಸುವವರು ಆಧಾರ ಹತ್ತು ಎಂದು ಸ್ಪಷ್ಟವಾಗಿ ಹೇಳಬೇಕು.

ಅಲ್ಪವಿರಾಮ, ಗುಂಟೆ ಮತ್ತು ಸರ್ವೆ ನಂಬರು

ಮಳೆಯ ಸಾಲಿಗೆ ಹೊಂದಿದ ವಿಧಾನವನ್ನೇ ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ಧಾರಣೆಗೆ ಅನ್ವಯಿಸಿದರೆ ಕೆಡುತ್ತದೆ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಬಗೆಗಳ ಬೆಲೆಯನ್ನು ಕ್ವಿಂಟಾಲಿಗೆ ಇಷ್ಟು ರೂಪಾಯಿ ಎಂದು ಪ್ರಕಟಿಸುವಾಗ «48,599» ಎಂಬಂತೆ ಸಾವಿರದ ಗುರುತಿಗೂ ಅಲ್ಪವಿರಾಮವನ್ನೇ ಹಾಕುವುದುಂಟು. ಅದನ್ನು ಅಲ್ಪವಿರಾಮದಲ್ಲಿ ಒಡೆದರೆ ಒಂದು ಬೆಲೆ 48 ಮತ್ತು 599 ಎಂಬ ಎರಡು ಸಂಖ್ಯೆಗಳಾಗುತ್ತದೆ. ಎರಡೂ ಒಪ್ಪುವಂಥ ಅಂಕಿಗಳಾದ್ದರಿಂದ ಯಾವ ದೋಷದ ಸಂದೇಶವೂ ಬರುವುದಿಲ್ಲ. ಬೇರ್ಪಡಿಸುವ ಚಿಹ್ನೆಯು ಸಂಖ್ಯೆಯ ಒಳಗೆ ಎಂದೂ ಬಾರದ ಚಿಹ್ನೆಯಾಗಿರಬೇಕು ಎಂಬ ನಿಯಮವನ್ನು ಇಲ್ಲಿ ಬಿಡುವಂತಿಲ್ಲ. ಧಾರಣೆಯ ಪಟ್ಟಿಗೆ ಅರ್ಧವಿರಾಮವನ್ನೋ ಟ್ಯಾಬನ್ನೋ ಬಳಸಿ, ಒಡೆದ ನಂತರ ಪ್ರತಿಯೊಂದು ತುಣುಕಿನ ಒಳಗಿನ ಅಲ್ಪವಿರಾಮಗಳನ್ನು ರಿಪ್ಲೇಸ್ ಆಜ್ಞೆಯಿಂದ ತೆಗೆದುಹಾಕಿ, ಆಮೇಲೆ ಇಂಟ್‌ಗೆ ಕೊಡಬೇಕು. «1,25,000» ಎಂಬ ನಮ್ಮ ಲಕ್ಷದ ಬರವಣಿಗೆಯೂ ಇದರಿಂದ ಸರಿಹೋಗುತ್ತದೆ. ಬೇರೆಯವರು ಕೊಟ್ಟ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ) ಕಡತದಲ್ಲಿ ಬೆಲೆಗಳು ಉದ್ಧರಣ ಚಿಹ್ನೆಗಳ ಒಳಗಿದ್ದರೆ ಸ್ಪ್ಲಿಟ್ ಬಿಟ್ಟು ಪೈಥಾನ್‌ನ ಸಿಎಸ್‌ವಿ ಮಾಡ್ಯೂಲನ್ನು ಬಳಸಬೇಕು, ಏಕೆಂದರೆ ಉದ್ಧರಣ ಚಿಹ್ನೆಗಳ ಅರ್ಥ ಅದಕ್ಕೆ ಗೊತ್ತಿದೆ.

ಜಮೀನಿನ ವಿಸ್ತೀರ್ಣದಲ್ಲಿ ತಪ್ಪು ಇನ್ನೂ ಆಳವಾಗಿ ಅಡಗಿರುತ್ತದೆ. «2.20» ಎಂದು ಬರೆದದ್ದು ಎರಡು ಎಕರೆ ಇಪ್ಪತ್ತು ಗುಂಟೆ. ಒಂದು ಎಕರೆಗೆ 40 ಗುಂಟೆಯಾದ್ದರಿಂದ ಅದು ಎರಡೂವರೆ ಎಕರೆ, ಅಂದರೆ 2.5. ಫ್ಲೋಟ್ ಆಜ್ಞೆಗೆ ಈ ರೂಢಿ ತಿಳಿಯದು. ಅದು ಬಿಂದುವನ್ನು ದಶಮಾಂಶ ಬಿಂದುವೆಂದೇ ಓದಿ 2.2 ಎಂದು ಹೇಳುತ್ತದೆ. ಇಂಥ ಪಠ್ಯವನ್ನು ಬಿಂದುವಿನಲ್ಲಿ ಒಡೆದು, ಮೊದಲ ತುಣುಕನ್ನು ನಲವತ್ತರಿಂದ ಗುಣಿಸಿ, ಎರಡನೆಯದನ್ನು ಕೂಡಿಸಿ, ಗುಂಟೆಗಳ ಪೂರ್ಣಾಂಕವಾಗಿಯೇ ಪಟ್ಟಿಯಲ್ಲಿಟ್ಟುಕೊಳ್ಳುವುದು ಲೇಸು: 2.20 ಎಂಬುದು 100 ಗುಂಟೆ, 2.05 ಎಂಬುದು 85 ಗುಂಟೆ. ಎರಡನೆಯ ತುಣುಕು ನಲವತ್ತನ್ನು ಮುಟ್ಟಿದರೆ ಅಥವಾ ದಾಟಿದರೆ ಬರೆದದ್ದರಲ್ಲೇ ಏನೋ ತಪ್ಪಿದೆ ಎಂದು ತಿಳಿದು ಪ್ರೋಗ್ರಾಂ ಅಲ್ಲಿಗೇ ನಿಲ್ಲುವಂತೆ ಮಾಡಬಹುದು.

ಅಂಕಿಗಳಿಂದ ಕೂಡಿದ್ದೆಲ್ಲವೂ ಸಂಖ್ಯೆಯಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಸರ್ವೆ ನಂಬರು «112/3» ಭಾಗಾಕಾರವಲ್ಲ. ಪಿನ್‌ಕೋಡ್ 577201 ಅನ್ನು ಯಾರೂ ಕೂಡಿಸುವುದಿಲ್ಲ. ಸೊನ್ನೆಯಿಂದ ಶುರುವಾಗುವ ಖಾತೆ ಸಂಖ್ಯೆಯನ್ನು ಇಂಟ್‌ಗೆ ಕೊಟ್ಟರೆ ಮುಂದಿನ ಸೊನ್ನೆ ಹೋಗಿಬಿಡುತ್ತದೆ, ಮತ್ತೆ ಬರುವುದಿಲ್ಲ. ಕೂಡಿಸಲು, ಕಳೆಯಲು, ಹೋಲಿಸಲು ಬೇಕಾದದ್ದನ್ನು ಮಾತ್ರ ಸಂಖ್ಯೆಯಾಗಿಸಿ, ಉಳಿದದ್ದನ್ನು ಪಠ್ಯವಾಗಿಯೇ ಬಿಡಬೇಕು. ವಾಟ್ಸಾಪಿನಲ್ಲಿ ಬರುವ «ಲಿಂಗನಮಕ್ಕಿ: ಗರಿಷ್ಠ 1819 ಅಡಿ, ಇಂದು 1797.40 ಅಡಿ» ಎಂಬಂಥ ಸಂದೇಶದಿಂದ ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ನಿರ್ದಿಷ್ಟ ಮಾದರಿಯನ್ನು ಹುಡುಕುವ ಸಾಧನ) ಬಳಸಿ ಅಂಕಿಗಳನ್ನಷ್ಟೇ ಹೆಕ್ಕುವವರಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ. ಮೊದಲನೆಯದು ಜಲಾಶಯದ ಎಂದೂ ಬದಲಾಗದ ಪೂರ್ಣಮಟ್ಟ, ಎರಡನೆಯದು ಆ ದಿನದ ಮಟ್ಟ. ಎರಡನ್ನೂ ಹೆಸರಿಲ್ಲದೆ ಒಂದೇ ಪಟ್ಟಿಗೆ ಸೇರಿಸಿದರೆ ಮುಂದೆ ತೆಗೆಯುವ ಸರಾಸರಿಗೆ ಯಾವ ಅರ್ಥವೂ ಇರುವುದಿಲ್ಲ.

ಪಟ್ಟಿಯಿಂದ ಪಠ್ಯಕ್ಕೆ ಮರಳುವುದು ಸುಲಭ. ಜಾಯಿನ್ ಆಜ್ಞೆಯು ಪಠ್ಯದ ತುಣುಕುಗಳನ್ನು ಮಾತ್ರ ಜೋಡಿಸುವುದರಿಂದ ಮೊದಲು ಪ್ರತಿಯೊಂದು ಸಂಖ್ಯೆಯನ್ನೂ ಎಸ್‌ಟಿಆರ್ ಆಜ್ಞೆಯಿಂದ ಪಠ್ಯವಾಗಿಸಬೇಕು, ನನ್ ಇದ್ದಲ್ಲಿ ಖಾಲಿ ಪಠ್ಯವನ್ನಿಡಬೇಕು.

ಹೊಸಸಾಲು = ", ".ಜಾಯಿನ್("" ಇಫ್ ಮೌಲ್ಯ ಇಸ್ ನನ್ ಎಲ್ಸ್ ಎಸ್‌ಟಿಆರ್(ಮೌಲ್ಯ) ಫಾರ್ ಮೌಲ್ಯ ಇನ್ ಮಳೆ)

ಹೀಗೆ ಬಂದ ಪಠ್ಯದಲ್ಲಿ 42 ಎಂಬುದು 42.0 ಆಗಿರುತ್ತದೆ, 12.50 ಎಂದು ಬರೆದದ್ದಿದ್ದರೆ 12.5 ಆಗಿರುತ್ತದೆ. ಮೌಲ್ಯ ಕೆಟ್ಟಿಲ್ಲ, ಬರವಣಿಗೆ ಮಾತ್ರ ಬದಲಾಗಿದೆ. ಮೂಲದಂತೆಯೇ ಕಾಣಬೇಕೆಂದಿದ್ದರೆ ಬಿಂದುವಿನ ಮುಂದೆ ಎಷ್ಟು ಅಂಕಿಗಳಿರಬೇಕೆಂದು ಫಾರ್ಮ್ಯಾಟ್ ಆಜ್ಞೆಯಲ್ಲಿ ಸೂಚಿಸಬೇಕು.

ಅಕ್ಷರಗಳ ಸಂಖ್ಯೆಗಳು

ಇನ್ನು ಎರಡನೆಯ ಬಗೆಯ ಪರಿವರ್ತನೆ. ಒಂದು ಅಕ್ಷರದ ಯೂನಿಕೋಡ್ ಸಂಖ್ಯೆಯನ್ನು ತಿಳಿಯಲು ಒ, ಆರ್, ಡಿ ಎಂಬ ಮೂರಕ್ಷರಗಳ ಆರ್ಡ್ ಆಜ್ಞೆಯಿದೆ. ಸಂಖ್ಯೆಯಿಂದ ಅಕ್ಷರವನ್ನು ಪಡೆಯಲು ಸಿ, ಎಚ್, ಆರ್ ಎಂಬ ಸಿಎಚ್‌ಆರ್ ಆಜ್ಞೆಯಿದೆ. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಅದರಲ್ಲಿ ಸ್ಥಾನವಿದೆ, ಮತ್ತು 3200ರಿಂದ 3327ರವರೆಗಿನ ಸಂಖ್ಯೆಗಳು ಕನ್ನಡಕ್ಕೆ ಮೀಸಲಾಗಿವೆ.

ಊರು = "ಶಿವಮೊಗ್ಗ"
ಸಂಖ್ಯೆಗಳು = [ಆರ್ಡ್(ಅ) ಫಾರ್ ಅ ಇನ್ ಊರು]

ಉತ್ತರ: [3254, 3263, 3253, 3246, 3274, 3223, 3277, 3223]. ನಾವು ಓದುವಾಗ ಶಿ, ವ, ಮೊ, ಗ್ಗ ಎಂದು ನಾಲ್ಕೇ ಅಕ್ಷರಗಳನ್ನು ಎಣಿಸುತ್ತೇವೆ, ಪಟ್ಟಿಯಲ್ಲಿ ಎಂಟಿವೆ. ಗುಣಿತದ ಚಿಹ್ನೆಗಳಿಗೂ (ಇಲ್ಲಿ 3263 ಮತ್ತು 3274) ಒತ್ತಕ್ಷರವನ್ನು ಉಂಟುಮಾಡುವ ಹಲಂತ ಚಿಹ್ನೆಗೂ (3277) ಬೇರೆಬೇರೆ ಸಂಖ್ಯೆಗಳಿರುವುದೇ ಇದಕ್ಕೆ ಕಾರಣ. ಪಟ್ಟಿಯನ್ನು ತಿರುವಿ ಹಾಕಿ ಸಿಎಚ್‌ಆರ್ ಮೂಲಕ ಮತ್ತೆ ಜೋಡಿಸಿದರೆ «ಗ್ಗಮೊವಶಿ» ಬರಬೇಕಿತ್ತು, ಬರುವುದು «ಗ್ಗೊಮವಿಶ». ಗುಣಿತಗಳು ತಮ್ಮ ವ್ಯಂಜನವನ್ನು ಬಿಟ್ಟು ಪಕ್ಕದ ವ್ಯಂಜನವನ್ನು ಹಿಡಿದುಕೊಂಡಿವೆ. ಅಕ್ಷರಗಳನ್ನು ಎಣಿಸುವ, ತಿರುಗಿಸುವ, ಪದಬಂಧಕ್ಕೆ ಜೋಡಿಸುವ ಕೆಲಸವಿದ್ದರೆ ಮೊದಲು ಸಂಖ್ಯೆಗಳನ್ನು ಗುಂಪು ಮಾಡಿಕೊಳ್ಳಬೇಕು. ನಿಯಮ ಸರಳವಾಗಿದೆ: 3262ರಿಂದ 3277ರವರೆಗಿನದು, 3285, 3286, ಅನುಸ್ವಾರದ 3202, ವಿಸರ್ಗದ 3203 ಇವು ಯಾವಾಗಲೂ ಹಿಂದಿನ ಗುಂಪಿಗೆ ಸೇರುತ್ತವೆ, ಹಿಂದಿನ ಗುಂಪು 3277ರಲ್ಲಿ ಕೊನೆಗೊಂಡಿದ್ದು ಈಗ ಬಂದದ್ದು 3221ರಿಂದ 3257ರ ನಡುವಿನ ವ್ಯಂಜನವಾಗಿದ್ದರೆ ಅದೂ ಹಿಂದಿನದಕ್ಕೇ ಸೇರುತ್ತದೆ, ಉಳಿದದ್ದೆಲ್ಲ ಹೊಸ ಗುಂಪು. ಪಟ್ಟಿಯಲ್ಲಿ 8204 ಕಂಡರೆ ಗಾಬರಿಯಾಗಬೇಡಿ. «ಮಾರ್ಚ್‌ನಲ್ಲಿ» ಎಂಬಂಥ ಪದದಲ್ಲಿ ಹಲಂತದ ನಂತರದ ವ್ಯಂಜನವು ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಗುರುತದು. ಅದನ್ನು ಹಿಂದಿನ ಗುಂಪಿಗೆ ಸೇರಿಸಿ ಆ ಗುಂಪನ್ನು ಅಲ್ಲಿಗೆ ಮುಗಿಸಬೇಕು.

ಇದಕ್ಕಿಂತ ಹೆಚ್ಚು ತೊಂದರೆ ಕೊಡುವ ಸಂಗತಿಯೆಂದರೆ, ಪರದೆಯ ಮೇಲೆ ಒಂದೇ ಬಗೆಯಾಗಿ ಕಾಣುವ ಎರಡು ಪದಗಳ ಪಟ್ಟಿಗಳು ಬೇರೆಯಾಗಿರಬಹುದು. ಮೊ ಎಂಬಲ್ಲಿನ ಒಕಾರದ ಚಿಹ್ನೆಯನ್ನು 3274 ಎಂದು ಒಂದೇ ಸಂಖ್ಯೆಯಲ್ಲಿ ಬರೆಯಬಹುದು, ಅಥವಾ ಎಕಾರದ 3270 ಮತ್ತು ಊಕಾರದ 3266 ಎಂಬ ಎರಡು ಸಂಖ್ಯೆಗಳಾಗಿಯೂ ಬರೆಯಬಹುದು. ಯೂನಿಕೋಡ್ ಎರಡನ್ನೂ ಸಮಾನವೆಂದು ಒಪ್ಪುತ್ತದೆ. ಎರಡನೆಯ ರೀತಿಯಲ್ಲಿ ಶಿವಮೊಗ್ಗದ ಪಟ್ಟಿ ಒಂಬತ್ತು ಸಂಖ್ಯೆಗಳದ್ದಾಗುತ್ತದೆ, ಮತ್ತು ಪೈಥಾನ್‌ನಲ್ಲಿ ಎರಡನ್ನೂ ಹೋಲಿಸಿದರೆ ಬೇರೆಬೇರೆ ಊರುಗಳೆಂಬ ಉತ್ತರ ಬರುತ್ತದೆ. ಹೋಲಿಸುವ ಮುನ್ನ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಆಜ್ಞೆಯಿಂದ ಎರಡನ್ನೂ ಇಂಥ ಜೋಡಿ ಚಿಹ್ನೆಗಳನ್ನು ಒಂದಾಗಿಸುವ ಎನ್‌ಎಫ್‌ಸಿ ರೂಪಕ್ಕೆ ತಂದರೆ ಎರಡೂ ಎಂಟು ಸಂಖ್ಯೆಗಳ ಪಟ್ಟಿಗಳಾಗಿ ಹೊಂದುತ್ತವೆ. ತಾಲ್ಲೂಕುವಾರು ಮಾಹಿತಿಯನ್ನು ಹಲವರಿಂದ ಸಂಗ್ರಹಿಸುವವರು ಈ ಹೆಜ್ಜೆಯನ್ನು ಯಾವ ಕಾರಣಕ್ಕೂ ಬಿಡಬಾರದು. ಪಟ್ಟಿಯಲ್ಲಿ 3200ರ ಆಸುಪಾಸಿನ ಸಂಖ್ಯೆ ಒಂದೂ ಇಲ್ಲದಿದ್ದರೆ, ಆ ಕಡತವನ್ನು ಯೂನಿಕೋಡ್‌ಗೆ ಮೊದಲಿನ ಫಾಂಟ್ ಆಧಾರಿತ ಪದ್ಧತಿಯಲ್ಲಿ ಟೈಪಿಸಿದ್ದಿರಬೇಕು. ಅದಕ್ಕೆ ಪ್ರತ್ಯೇಕ ಪರಿವರ್ತಕ ತಂತ್ರಾಂಶವೇ ಬೇಕು.

ಬೈಟ್‌ಗಳು

ಕಡತದಲ್ಲಿ ಉಳಿಯುವುದು ಮತ್ತು ಜಾಲದಲ್ಲಿ ಸಾಗುವುದು ಬೈಟ್‌ಗಳು. ಒಂದೊಂದೂ 0ಯಿಂದ 255ರೊಳಗಿನ ಸಂಖ್ಯೆ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿಯೊಂದು ಸಂಖ್ಯೆಗೂ ಮೂರು ಬೈಟ್ ಬೇಕು. ಊರು.ಎನ್‌ಕೋಡ್("ಯುಟಿಎಫ್-8") ಎಂದು ಕೇಳಿ ಅದನ್ನು ಲಿಸ್ಟ್ ಆಜ್ಞೆಗೆ ಕೊಟ್ಟರೆ ಶಿವಮೊಗ್ಗಕ್ಕೆ 24 ಸಂಖ್ಯೆಗಳ ಪಟ್ಟಿ ಸಿಗುತ್ತದೆ, ಮತ್ತು ಅದು 224, 178, 182 ಎಂಬ ಶಕಾರದ ಮೂರು ಬೈಟ್‌ಗಳಿಂದ ಶುರುವಾಗುತ್ತದೆ. ಮರಳಿ ಬರುವಾಗ ಪಟ್ಟಿಯನ್ನು ಬೈಟ್ಸ್ ಆಜ್ಞೆಗೆ ಕೊಟ್ಟು ಡಿಕೋಡ್ ಮಾಡಬೇಕು. ಪಟ್ಟಿಯನ್ನು ಹತ್ತನೆಯ ಬೈಟಿಗೆ ಕತ್ತರಿಸಿದ್ದರೆ ಡಿಕೋಡ್ ಸೋಲುತ್ತದೆ, ಏಕೆಂದರೆ ನಾಲ್ಕನೆಯ ಚಿಹ್ನೆಯ ಒಂದು ಭಾಗ ಮಾತ್ರ ಉಳಿದಿರುತ್ತದೆ. ಆದ್ದರಿಂದ ಉದ್ದವನ್ನು ಮಿತಿಗೊಳಿಸುವ ಕೆಲಸವನ್ನು ಬೈಟ್‌ಗಳಲ್ಲಿ ಮಾಡದೆ ಪಠ್ಯದಲ್ಲೇ ಮಾಡಬೇಕು.

ಯುಟಿಎಫ್-8ರಲ್ಲಿ ಬರೆದ ಕಡತವನ್ನು ಬೇರೆ ಪದ್ಧತಿಯಲ್ಲಿ ಓದಿದಾಗ ಕನ್ನಡದ ಜಾಗದಲ್ಲಿ, ತಲೆಯ ಮೇಲೆ ಓರೆಗೀಟಿರುವ ರೋಮನ್ ಅಕ್ಷರವೂ ಅದರ ಪಕ್ಕದಲ್ಲಿ ಪುಟ್ಟ 2 ಅಥವಾ 3 ಎಂಬ ಅಂಕಿಯೂ ಸಾಲುಸಾಲಾಗಿ ಕಾಣುತ್ತವೆ. ಕನ್ನಡದ ಎಲ್ಲ ಚಿಹ್ನೆಗಳೂ 224, 178 ಅಥವಾ 224, 179 ಎಂಬ ಬೈಟ್‌ಗಳಿಂದಲೇ ಆರಂಭವಾಗುವುದರಿಂದ ಆ ಜೋಡಿ ಪದೇಪದೇ ಬರುತ್ತದೆ. ಅದು ಕಂಡರೆ ಮಾಹಿತಿ ಹಾಳಾಗಿದೆ ಎಂದು ತಿಳಿದು ಮತ್ತೆ ಟೈಪಿಸಲು ಕೂರಬೇಡಿ, ಕಡತವನ್ನು ಹಾಗೆಯೇ ಉಳಿಸಲೂ ಬೇಡಿ. ಮುಚ್ಚಿ, ಓಪನ್ ಆಜ್ಞೆಯಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಎಂದು ಸ್ಪಷ್ಟವಾಗಿ ಹೇಳಿ ಮತ್ತೆ ತೆರೆಯಿರಿ.

ಲೆಕ್ಕವನ್ನು ಎಕ್ಸೆಲ್‌ನಲ್ಲಿ ನೋಡುವವರು ಮನೆಯಲ್ಲಿದ್ದರೆ, ಸಿಎಸ್‌ವಿ ಕಡತವನ್ನು ಬರೆಯುವಾಗ ಎನ್‌ಕೋಡಿಂಗ್ ಹೆಸರನ್ನು «ಯುಟಿಎಫ್-8-ಸಿಗ್» ಎಂದು ಕೊಡಿ. ಆಗ ಕಡತದ ಆರಂಭದಲ್ಲಿ 65279 ಎಂಬ ಸಂಖ್ಯೆಯ ಅದೃಶ್ಯ ಗುರುತು ಸೇರಿ, ಅದರ ನೆರವಿನಿಂದ ಎಕ್ಸೆಲ್ ಕನ್ನಡವನ್ನು ಸರಿಯಾಗಿ ತೋರಿಸುತ್ತದೆ. ಅದೇ ಕಡತವನ್ನು ಪೈಥಾನ್‌ಗೆ ಮರಳಿ ಓದಿಸುವಾಗಲೂ ಇದೇ ಹೆಸರನ್ನು ಕೊಡಬೇಕು. ಬರೀ ಯುಟಿಎಫ್-8 ಎಂದು ಕೊಟ್ಟರೆ ಆ ಗುರುತು ಮೊದಲ ತುಣುಕಿಗೆ ಅಂಟಿಕೊಂಡು ಉಳಿಯುತ್ತದೆ. ಸ್ಟ್ರಿಪ್ ಅದನ್ನು ತೆಗೆಯುವುದಿಲ್ಲ, ಮತ್ತು ಮೊದಲ ತುಣುಕು ಅಳತೆಯಾಗಿದ್ದರೆ ಫ್ಲೋಟ್ ದೋಷ ತೋರುತ್ತದೆ. ಕಣ್ಣಿಗೆ 42 ಎಂದೇ ಕಾಣುವ ತುಣುಕನ್ನು ಪ್ರೋಗ್ರಾಂ ಒಪ್ಪದಿದ್ದಾಗ, ಅದರ ಒಂದೊಂದು ಅಕ್ಷರವನ್ನೂ ಆರ್ಡ್ ಆಜ್ಞೆಗೆ ಕೊಟ್ಟು ಪಟ್ಟಿಯನ್ನು ಮುದ್ರಿಸಿ ನೋಡಿ: 52, 50 ಎಂಬ ಎರಡೇ ಸಂಖ್ಯೆಗಳಿರಬೇಕು, ಮೂರನೆಯದು ಇದ್ದರೆ ತೊಡಕು ಅದೇ.